ಚಿಟ್ಟೆ ಕಾಣದ ಮನೆ

ಕಳೆದ ತಿಂಗಳು ಸಾದಲಿ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಮೈದುನನ ಮಗ ಹುಳುಮನೆಯನ್ನು ಹೊಸದಾಗಿ ಕಟ್ಟಿಸಿದ್ದಾನೆ. ಒಂದು ಸಲ ನೋಡಿಕೊಂಡು ಹೋಗಿ ದೊಡ್ಡಮ್ಮ ಎಂದು ಕರೆದಿದ್ದ. ಸಿಮೆಂಟಿನ ನೆಲ, ಕಬ್ಬಿಣದ ಅಟ್ಟಣಿಗೆ, ಹುಳು ಗೂಡು ಕಟ್ಟಲು ಪ್ಲಾಸ್ಟಿಕ್ಕಿನ ಚಂದ್ರಿಕೆ. ಎಲ್ಲ ಚೆನ್ನಾಗಿತ್ತು, ಯಾವುದೂ ನನ್ನ ಗುರುತಿನದಾಗಿರಲಿಲ್ಲ. ಹೊರಡುವ ಹೊತ್ತಿಗೆ ಹಿತ್ತಲಲ್ಲಿ ಆಳೊಬ್ಬ ಡ್ರಮ್ಮಿನಲ್ಲಿದ್ದ ಸುಣ್ಣದ ಕಲ್ಲಿಗೆ ನೀರು ಸುರಿದ. ಕಲ್ಲು ಬುಸುಗುಟ್ಟಿತು, ಬಿರಿಯಿತು, ಬಿಸಿ ಆವಿ ಮುಖಕ್ಕೆ ಬಂತು. ಆ ವಾಸನೆಗೆ ನನ್ನ ಬಾಯಿ ತಾನಾಗಿ ಆಡಿತು: ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಅರಳಿದ ಸುಣ್ಣವಾಗುತ್ತದೆ, ಈ ಕ್ರಿಯೆಯಲ್ಲಿ ಶಾಖ ಬಿಡುಗಡೆಯಾಗುತ್ತದೆ.

"ಏನ್ ದೊಡ್ಡಮ್ಮ?" ಅಂದ ಹುಡುಗ.

"ಏನಿಲ್ಲಪ್ಪ" ಅಂದೆ.

ಆ ವಾಕ್ಯವನ್ನು ನಾನು ಎರಡು ಸಲ ಕಲಿತಿದ್ದೇನೆ. ಮೊದಲ ಸಲ ಚಿಂತಾಮಣಿಯ ಹೈಸ್ಕೂಲಿನಲ್ಲಿ, ನನಗಾಗಿ. ಎರಡನೆಯ ಸಲ ಇದೇ ಮನೆಯಲ್ಲಿ, ನನ್ನ ಗಂಡನ ಪರೀಕ್ಷೆಗಾಗಿ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಆ ವರ್ಷ ನನ್ನೊಳಗೆ ಏನೇನು ನಡೆಯಿತು ಎನ್ನುವುದನ್ನು ನಾನು ಯಾರಿಗೂ ಹೇಳಿಲ್ಲ. ಹೇಳುವಂಥ ತಪ್ಪೇನೂ ನಡೆಯಲಿಲ್ಲ. ನೋಡುವವರಿಗೆ ಹೆಂಡತಿ ಗಂಡನಿಗೆ ಪಾಠ ಹೇಳಿಕೊಟ್ಟಳು, ಅಷ್ಟೆ.

ನನ್ನ ತಂದೆ ಚಿಂತಾಮಣಿಯಲ್ಲಿ ಒಬ್ಬ ಡಾಕ್ಟರ ಬಳಿ ಕಾಂಪೌಂಡರಾಗಿದ್ದರು. ಬಣ್ಣಬಣ್ಣದ ಮಿಕ್ಸ್ಚರ್ ಬಾಟಲಿಗಳ ನಡುವೆ ಬೆಳೆದ ನನಗೆ ರಸಾಯನಶಾಸ್ತ್ರ ಹೊಸದೆನಿಸಲಿಲ್ಲ. ಎಸ್ಸೆಸ್ಸೆಲ್ಸಿಗೆ ವಿಜ್ಞಾನ ತೆಗೆದುಕೊಂಡಿದ್ದೆ. ನಮ್ಮ ಶಾಲೆಯಲ್ಲಿ ಹಿತ್ತಾಳೆಯ ಒಂದು ಸೂಕ್ಷ್ಮದರ್ಶಕವಿತ್ತು. ವರ್ಷದಲ್ಲಿ ಒಂದು ದಿನ ಅದನ್ನು ಬೀರುವಿನಿಂದ ಹೊರಗೆ ತೆಗೆದು, ಈರುಳ್ಳಿಯ ಸಿಪ್ಪೆ ಇಟ್ಟು, ಜೀವಕೋಶ ತೋರಿಸುತ್ತಿದ್ದರು. ಹುಡುಗರು ಮೊದಲು, ಹುಡುಗಿಯರು ಆಮೇಲೆ. ನಾನು ಸಾಲಿನ ಕೊನೆಯಲ್ಲಿದ್ದೆ. ನನ್ನ ಮುಂದಿದ್ದವಳು ಕಣ್ಣಿಟ್ಟಾಗ ಗಂಟೆ ಹೊಡೆಯಿತು. ಮುಂದಿನ ವಾರ ತೋರಿಸ್ತೀನಮ್ಮ ಎಂದರು ಮೇಷ್ಟ್ರು. ಮುಂದಿನ ವಾರದೊಳಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಮುಹೂರ್ತ ಪರೀಕ್ಷೆಯ ವಾರದಲ್ಲೇ ಬಿತ್ತು. ಅಪ್ಪ ಎರಡು ಪಂಚಾಂಗ ತಿರುವಿ ಹಾಕಿದರು. ಆ ಬೇಸಿಗೆಯಲ್ಲಿ ಇಬ್ಬರ ಜಾತಕಕ್ಕೂ ಕೂಡುವ ದಿನ ಬೇರೆ ಇರಲಿಲ್ಲ. ನನ್ನ ಜೊತೆಯವರು ವಿಜ್ಞಾನದ ಪೇಪರು ಬರೆಯುತ್ತಿದ್ದ ಬೆಳಿಗ್ಗೆ ನಾನು ಹಸೆಯ ಮೇಲಿದ್ದೆ.

ಕೊಟ್ಟ ಮನೆ ಒಳ್ಳೆಯದು. ಹೊಲ, ಬಾವಿ, ಹಿಪ್ಪುನೇರಳೆ ತೋಟ, ವರ್ಷವಿಡೀ ಒಂದರ ಹಿಂದೊಂದು ರೇಷ್ಮೆ ಬೆಳೆ. ಮಾವ ತೀರಿಹೋಗಿದ್ದರು. ಎಲ್ಲವನ್ನೂ ಅತ್ತೆಯೇ ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಮುನಿಶಾಮಪ್ಪ ಒಳ್ಳೆಯ ಮನುಷ್ಯ, ಗಟ್ಟಿಯಾಗಿ ನಗುವವರು, ಬೇಗ ಮರೆಯುವವರು. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಪಾಸಾಗಿ ವಿಜ್ಞಾನದಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದಿದ್ದರು. ಮದುವೆಯ ಮಾತಿನಲ್ಲಿ ಇದನ್ನು ಯಾರೂ ಮುಚ್ಚಿಡಲಿಲ್ಲ. ಗಂಡಿಗೆ ಅದೊಂದು ಕೊರತೆಯೂ ಆಗಿರಲಿಲ್ಲ.

ಮದುವೆಯಾಗಿ ಮುಂದಿನ ಮಾಘದಲ್ಲಿ ಸುದ್ದಿ ಬಂತು. ಸರ್ಕಾರದ ರೇಷ್ಮೆ ಇಲಾಖೆಯಲ್ಲಿ ಹುಡುಗರನ್ನು ತೆಗೆದುಕೊಳ್ಳುತ್ತಾರಂತೆ. ಎಸ್ಸೆಸ್ಸೆಲ್ಸಿ ಆಗಿರಬೇಕಂತೆ, ವಿಜ್ಞಾನ ಪಾಸಾಗಿರಬೇಕಂತೆ. ಅತ್ತೆ ಅಂದೇ ತೀರ್ಮಾನ ಮಾಡಿದರು.

"ಈ ಸಲ ಅದೊಂದನ್ನ ಮುಗಿಸ್ಬಿಡೋ. ಸುಶೀಲ ಅವ್ಳೆ ಮನೇಲಿ. ಅವ್ರಪ್ಪ ಔಷ್ದಿ ಅಂಗ್ಡಿಯೋನು. ಹೇಳ್ಕೊಡ್ತಾಳೆ."

ಹೀಗೆ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಸೊಪ್ಪಿನ ಕೋಣೆಯಲ್ಲಿ ನಾನು ಹಿಪ್ಪುನೇರಳೆ ಎಲೆಯನ್ನು ಸಣ್ಣಗೆ ಕತ್ತರಿಸುತ್ತಾ ಕೂರುವುದು, ಅವರು ಒದ್ದೆ ಗೋಣಿಯ ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುವುದು. ಸೊಪ್ಪು ಬಾಡಬಾರದೆಂದು ಆ ಕೋಣೆಯನ್ನು ಸದಾ ತಂಪಾಗಿಟ್ಟಿರುತ್ತಿದ್ದರು. ಹೊರಗೆ ಬಿಸಿಲು, ಒಳಗೆ ಹಸಿ ಎಲೆಯ ವಾಸನೆ. ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಅವರಿಗೆ ಬಾರದಿದ್ದರೆ ನಾನೇ ಹೇಳುತ್ತಿದ್ದೆ. ಪುಸ್ತಕ ನನ್ನದೇ, ತವರಿನಿಂದ ಟ್ರಂಕಿನಲ್ಲಿ ತಂದದ್ದು. ಅದರ ಹೊದಿಕೆಯ ಮೇಲೆ ನನ್ನ ಹೆಸರಿತ್ತು. ಒಂದು ದಿನ ಅವರು ಅದಕ್ಕೆ ಹೊಸ ಕಾಗದ ಹಾಕಿ ತಮ್ಮ ಹೆಸರು ಬರೆದರು. ಕೆಟ್ಟ ಮನಸ್ಸಿನಿಂದಲ್ಲ. ಹಳೆಯದು ಹರಿದಿತ್ತು.

"ಎಲೆ ತನ್ನ ಆಹಾರ ಹೆಂಗೆ ಮಾಡ್ಕೊಳ್ತದೆ?" ಎಂದು ಕೇಳುತ್ತಿದ್ದೆ.

"ಬಿಸಿಲಲ್ಲಿ."

"ಬಿಸಿಲಲ್ಲಿ ಸರಿ. ಏನೇನು ಬೇಕು?"

"ನೀರು. ಗಾಳಿ."

"ಗಾಳಿಯಲ್ಲಿ ಯಾವುದು?"

ಅವರು ಅಟ್ಟದ ಕಡೆ ನೋಡುವರು. "ಇಂಗಾಲಾಮ್ಲ ವಾಯು" ಎಂದು ನಾನು ಹೇಳುತ್ತಿದ್ದೆ. ಎಲೆ ಅದನ್ನು ಒಳಗೆಳೆದುಕೊಂಡು ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ, ಆಮ್ಲಜನಕವನ್ನು ಹೊರಗೆ ಬಿಡುತ್ತದೆ ಎಂದು ವಿವರಿಸುತ್ತಿದ್ದೆ. ಆ ವಾಯು ನಮ್ಮ ಉಸಿರಿನಲ್ಲೂ ಇದೆ ಎಂದು ತೋರಿಸಲು ಸುಣ್ಣದ ತಿಳಿನೀರನ್ನು ಲೋಟದಲ್ಲಿ ಕೊಟ್ಟು ಪಪ್ಪಾಯಿ ಎಲೆಯ ದಂಟಿನಿಂದ ಊದಿಸಿದೆ. ನೀರು ಹಾಲಿನಂತೆ ಬೆಳ್ಳಗಾಯಿತು. ಅವರು ಲೋಟವನ್ನೂ ನನ್ನನ್ನೂ ನೋಡಿ, "ಅಷ್ಟೇನಾ?" ಅಂದರು.

ಈ ಮಾತು ಅವರ ಅಭ್ಯಾಸ. ಅರ್ಥವಾಗುವ ತನಕ ತಲೆ ಕೆರೆದುಕೊಳ್ಳುವುದು, ಆದ ತಕ್ಷಣ ಅಷ್ಟೇನಾ ಎನ್ನುವುದು. ಆ ಒಂದು ಮಾತಿಗೆ ನನ್ನ ಕೈಯ ಕತ್ತಿ ಎಲೆಯ ಮೇಲೆ ನಿಂತುಬಿಡುತ್ತಿತ್ತು. ನಾನು ಒಂದು ವರ್ಷ ಕಣ್ಣಿಗೊತ್ತಿಕೊಂಡು ಓದಿದ್ದು ಅವರಿಗೆ ಅಷ್ಟೇ ಆಗಿತ್ತು.

ಓದುವ ಗಂಡಸಿಗೆ ಮನೆಯಲ್ಲಿ ಸಿಗುವ ಉಪಚಾರ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅತ್ತೆ ಬೆಳಿಗ್ಗೆ ಬಾದಾಮಿ ತೇಯ್ದು ಹಾಲಿಗೆ ಹಾಕಿ ಕೊಡುತ್ತಿದ್ದರು. ತೋಟಕ್ಕೆ ನೀರು ಹಾಯಿಸಲು ಅವರನ್ನು ಕರೆಯುವುದು ನಿಂತಿತು. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ, "ಮೆಲ್ಲಗೆ, ಅಬ್ಬಾಯಿ ಓದ್ತವ್ನೆ" ಎಂದು ಗದರುತ್ತಿದ್ದರು. ಆ ಅಬ್ಬಾಯಿಯನ್ನು, ಅವರ ಮುದ್ದಿನ ಮಗನನ್ನು, ಎದುರಿಗೆ ಕೂರಿಸಿಕೊಂಡು ಓದಿಸುವವಳಿಗೆ ಸೊಪ್ಪು ಕತ್ತರಿಸುವುದು, ತಟ್ಟೆ ಬದಲಿಸುವುದು, ಹುಳುವಿನ ಹಿಕ್ಕೆ ತೆಗೆಯುವುದು, ಮುದ್ದೆ ತಿರುವುವುದು ಯಾವುದೂ ತಪ್ಪಲಿಲ್ಲ. ತಪ್ಪಬೇಕೆಂದು ನನಗೂ ಅನ್ನಿಸುತ್ತಿರಲಿಲ್ಲ, ಕೆಲಸ ಕೆಲಸವೇ. ನನಗೆ ಕಿಚ್ಚೆಬ್ಬಿಸಿದ್ದು ಹಾಲಲ್ಲ, ಬಾದಾಮಿಯಲ್ಲ. ಅವರಿಗೆ ಮೂರನೆಯ ಸಲ ಕೂರುವ ಅವಕಾಶವಿತ್ತಲ್ಲ, ಅದು. ನಪಾಸಾಗಲು ಒಂದು ಸಲವಾದರೂ ಬರೆದಿರಬೇಕು. ನಾನು ನಪಾಸು ಕೂಡ ಆಗಿರಲಿಲ್ಲ.

ಇದನ್ನು ಅವರಿಗೆ ಒಂದು ದಿನ ಬೇರೆ ಮಾತಿನಲ್ಲಿ ಹೇಳಿದೆ. ಜಗಲಿಯ ಮೇಲೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದೆವು.

"ನನಗೂ ಬರೆಯೋ ಆಸೆ ಐತೆ."

ಅವರು ನಗಲಿಲ್ಲ. ದಂಟು ಮುರಿಯುತ್ತಲೇ, "ಈ ಸಲ ನಾನು ಪಾಸಾಗಿಬಿಡ್ಲಿ ಕಣೇ. ಮುಂದಿನ ಸಲ ನೀನು. ನಿನ್ನ ಸ್ಕೂಲಿಗೆ ಚಿಂತಾಮಣೀಲೇ ಸೆಂಟ್ರು. ನಾನೇ ಕರ್ಕೊಂಡ್ ಹೋಗ್ತೀನಿ" ಅಂದರು.

"ನೀವು ಪಾಸಾಗ್ದೇ ಹೋದ್ರೆ?"

"ಆಗ ಅಮ್ಮನ್ನ ಯಾವ ಮುಖ ಇಟ್ಕೊಂಡು ಕೇಳ್ಲಿ? ಮಗನೇ ಫೇಲು, ಸೊಸೆ ಏನು ಕಿಸಿತಾಳೆ ಅಂತಾಳೆ. ಇಬ್ರೂ ಸೊಪ್ಪು ಕೊಯ್ಯಣ."

ಅಂದಿನಿಂದ ನನ್ನ ಸ್ಥಿತಿ ವಿಚಿತ್ರವಾಯಿತು. ಅವರ ಪಾಸಿನ ಹಿಂದೆ ನನ್ನ ಪರೀಕ್ಷೆ ನಿಂತಿತ್ತು. ಯಾರ ಮೇಲೆ ಹೊಟ್ಟೆಯೊಳಗೆ ಕಿಚ್ಚಿತ್ತೋ ಅವರು ಗೆಲ್ಲಲೆಂದು ಪ್ರತಿ ದಿನ ಹಾರೈಸಬೇಕಾಗಿತ್ತು. ಹಾರೈಸುತ್ತಿದ್ದೆ. ಅವರು ಸರಿಯಾದ ಉತ್ತರ ಹೇಳಿದಾಗ ಸಂತೋಷವೂ ಆಗುತ್ತಿತ್ತು, ಅದರ ಹಿಂದೆಯೇ ನಾಲಿಗೆಗೆ ಹುಣಸೆಕಾಯಿ ತಗುಲಿದ ಹಾಗೆ ಒಂದು ಚಳುಕೂ ಬರುತ್ತಿತ್ತು.

ಜೀವಶಾಸ್ತ್ರದಲ್ಲಿ ಅವರಿಗೆ ಕಷ್ಟವಾದದ್ದು ರೇಷ್ಮೆ ಹುಳುವೇ. ಕೇಳಿದವರು ನಂಬಲಾರರು. ಕಪ್ಪೆ ಬಂತು, ಜಿರಳೆ ಬಂತು, ದಾಸವಾಳದ ಭಾಗಗಳು ಬಂದವು. ರೇಷ್ಮೆ ಹುಳುವಿನ ಜೀವನ ಚರಿತ್ರೆಗೆ ಬಂದಾಗ ಪುಸ್ತಕ ಮುಚ್ಚಿಬಿಟ್ಟರು.

"ಇದನ್ನೂ ಓದ್ಬೇಕೇನೇ? ಹುಟ್ಟಿದಾಗಿಂದ ಇದರ ಜೊತೆ ಮಲಗಿ ಎದ್ದಿದ್ದೀನಿ."

"ಹೇಳಿ ಹಂಗಾದ್ರೆ."

"ಮೊಟ್ಟೆ. ಹುಳು. ನಾಲ್ಕು ಸಲ ಜ್ವರಕ್ಕೆ ಕೂತು ಏಳ್ತದೆ..."

"ಪೊರೆ ಬಿಡ್ತದೆ ಅಂತ ಬರೀಬೇಕು. ಆಮೇಲೆ?"

"ಹಣ್ಣಾಗ್ತದೆ. ಗೂಡು ಕಟ್ತದೆ. ಮುಗೀತು."

"ಮುಗಿಯಲ್ಲ. ಗೂಡೊಳಗೆ ಕೋಶವಾಗ್ತದೆ. ಕೋಶದಿಂದ ಚಿಟ್ಟೆ ಬರ್ತದೆ. ಚಿಟ್ಟೆ ಮೊಟ್ಟೆ ಇಡ್ತದೆ."

"ನಮ್ಮನೇಲಿ ಯಾವತ್ತು ಚಿಟ್ಟೆ ಬಂದೈತೆ?"

ಅವರ ಮಾತು ಸುಳ್ಳಲ್ಲ. ನಮ್ಮ ಕಡೆ ಹುಳು ಸಾಕುವವರ ಮನೆಯಲ್ಲಿ ಚಿಟ್ಟೆಯನ್ನು ಕಂಡವರು ಕಡಿಮೆ. ಮೊಟ್ಟೆ ಅಂಟಿದ ಹಾಳೆ ಚಿಂತಾಮಣಿಯ ಬಿತ್ತನೆ ಕೋಠಿಯಿಂದ, ಅಂದರೆ ಸರ್ಕಾರದವರು ಹುಳುವಿನ ಮೊಟ್ಟೆ ತಯಾರಿಸುವ ಕಡೆಯಿಂದ, ಬರುತ್ತಿತ್ತು. ಗೂಡು ಕಟ್ಟಿ ಆದ ಕೂಡಲೇ ಗಾಡಿಗೆ ಹಾಕಿ ಶಿಡ್ಲಘಟ್ಟಕ್ಕೆ ಸಾಗಿಸುತ್ತಿದ್ದೆವು. ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಎಳೆ ಕಡಿದುಹೋಗುತ್ತದೆ, ನೂಲು ಬಿಚ್ಚುವವರು ಆ ಗೂಡನ್ನು ಮುಟ್ಟುವುದಿಲ್ಲ. ಹಾಗಾಗಿ ಮನೆಯಲ್ಲಿ ಚಿಟ್ಟೆ ಕಾಣಿಸುವುದು ಕೇಡು ಎಂದೇ ನಂಬಿಕೆ. ತೂತು ಗೂಡಿನ ಮನೆ ಎಂಬುದು ನಮ್ಮ ಊರಲ್ಲಿ ಒಂದು ಬೈಗುಳ.

ನಾನು ಮಾಘದ ಬೆಳೆಯಲ್ಲಿ ಎರಡು ಗೂಡನ್ನು ತೆಗೆದು ರಾಗಿ ತುಂಬಿದ ವಾಡೆಯ ಮೇಲಿನ ಗೋಡೆಯ ಮಾಡದಲ್ಲಿಟ್ಟೆ. ಚಿಟ್ಟೆ ಬಂದಾಗ ಅವರಿಗೆ ತೋರಿಸಿದರೆ ಮರೆಯುವುದಿಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ನೋಡಬೇಕಾಗಿತ್ತು. ಪುಸ್ತಕದಲ್ಲಿ ಚಿತ್ರವಿತ್ತು, ಮಸಿ ಹಿಡಿದದ್ದು. ಗಾಡಿ ಹೊರಡುವ ದಿನ ಅತ್ತೆ ಕೋಣೆಯ ಮೂಲೆಮೂಲೆ ಗುಡಿಸಿದರು. ಎರಡೂ ಗೂಡು ಅವರ ಕೈಗೆ ಸಿಕ್ಕವು. "ಒಂದು ಗೂಡೂ ಹಿಂದೆ ಬೀಳಬಾರ್ದಮ್ಮ" ಎಂದು ಬುಟ್ಟಿಗೆ ಹಾಕಿದರು. ನಾನಿಟ್ಟದ್ದು ಅಂತ ಹೇಳಲಿಲ್ಲ. ಅವರೂ ಕೇಳಲಿಲ್ಲ. ಆದರೆ ಬುಟ್ಟಿಯ ಬಾಯಿ ಕಟ್ಟುವಾಗ ನನ್ನ ಮುಖ ನೋಡಿದರು.

ರಸಾಯನಶಾಸ್ತ್ರದಲ್ಲಿ ಆಮ್ಲ, ಪ್ರತ್ಯಾಮ್ಲ ನನ್ನ ಗಂಡನ ತಲೆಗೆ ಹತ್ತಲಿಲ್ಲ. ಲಿಟ್ಮಸ್ ಕಾಗದ ಹಳ್ಳಿಯಲ್ಲಿ ಎಲ್ಲಿಂದ ತರುವುದು? ಅಪ್ಪ ಹಿಂದೆ ತೋರಿಸಿದ್ದೊಂದು ನೆನಪಾಯಿತು. ಅರಿಸಿನವನ್ನು ತಟ್ಟೆಯಲ್ಲಿ ಕದಡಿ, ಒಂದು ಚಿಟಿಕೆ ಸುಣ್ಣ ಹಾಕಿದೆ. ಹಳದಿ ನೀರು ರಕ್ತದಂತೆ ಕೆಂಪಾಯಿತು.

"ಇದು ನಮ್ಮಮ್ಮ ದೃಷ್ಟಿ ತೆಗೆಯೋ ನೀರಲ್ವೇನೇ."

"ಅದೇ. ಸುಣ್ಣ ಪ್ರತ್ಯಾಮ್ಲ. ಅರಿಸಿನ ಪ್ರತ್ಯಾಮ್ಲಕ್ಕೆ ಕೆಂಪಾಗ್ತದೆ. ಈಗ ನೋಡಿ." ನಿಂಬೆಹಣ್ಣು ಹಿಂಡಿದೆ. ಕೆಂಪು ಮೆಲ್ಲಗೆ ಬಿಟ್ಟು ಮತ್ತೆ ಹಳದಿಯಾಯಿತು. "ನಿಂಬೆ ಆಮ್ಲ. ಎರಡೂ ಕೂಡಿ ಒಂದರ ಗುಣ ಇನ್ನೊಂದು ಕಳೀತದೆ. ತಟಸ್ಥೀಕರಣ."

ಅವರು ತಟ್ಟೆಯ ಮೇಲೆ ಬಗ್ಗಿದರು. ಮತ್ತೆ ಸುಣ್ಣ ಹಾಕಿ ಕೆಂಪು ಮಾಡಿದರು, ಮತ್ತೆ ನಿಂಬೆ ಹಿಂಡಿ ಹಳದಿ ಮಾಡಿದರು. ನಿಂಬೆಹಣ್ಣು ಮುಗಿಯುವ ತನಕ ಆಡಿದರು. ಆಮೇಲೆ ಅಷ್ಟೇನಾ ಅಂದರು. ಆ ದಿನ ಮಾತ್ರ ಆ ಮಾತು ನನಗೆ ಚುಚ್ಚಲಿಲ್ಲ. ಅವರ ಮುಖದಲ್ಲಿ ಮಕ್ಕಳ ಸಂತೋಷವಿತ್ತು. ಚುಚ್ಚಿದ್ದು ಆಮೇಲೆ, ಆ ಸಂತೋಷವನ್ನು ನೆನೆದುಕೊಂಡಾಗ. ನನಗೆ ಅದನ್ನು ಮೊದಲು ತೋರಿಸಿದಾಗ ನಾನೂ ಹಾಗೇ ಕುಣಿದಿದ್ದೆ. ಈಗ ಕುಣಿಯುವ ಸರದಿ ಅವರದಾಗಿತ್ತು, ಸುಣ್ಣ ಹಾಕಿಕೊಡುವ ಸರದಿ ನನ್ನದು.

ಯುಗಾದಿ ಕಳೆಯಿತು. ಪರೀಕ್ಷೆ ಅವರು ಓದಿದ್ದ ಚಿಕ್ಕಬಳ್ಳಾಪುರದಲ್ಲಿ. ಹೊರಡುವ ದಿನ ಬೆಳಿಗ್ಗೆ ಅತ್ತೆ ಅವರಿಗೆ ಎಣ್ಣೆ ನೀರು ಹಾಕಿ, ಬಿಳಿ ಪಂಚೆ ಉಡಿಸಿ, ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ದಾರಿಗೆಂದು ಕೈಗೊಂದು ನಿಂಬೆಹಣ್ಣು ಕೊಟ್ಟರು. ಕೆಂಪು ನೀರಿನ ತಟ್ಟೆಯನ್ನು ಮುಖದ ಸುತ್ತ ನಿವಾಳಿಸಿ, "ಊರ ಕಣ್ಣು, ಕೇರಿ ಕಣ್ಣು, ನೆಂಟರ ಕಣ್ಣು" ಎಂದು ಹೇಳಿ ಹೊಸಿಲ ಹೊರಗಿಟ್ಟರು, ಬಾಗಿಲಲ್ಲಿ ಚೆಲ್ಲಲು ನೀರಿನ ಚೊಂಬು ತರಲು ಒಳಗೆ ಹೋದರು. ಬರುವಷ್ಟರಲ್ಲಿ ನನ್ನ ಗಂಡ ಕುಕ್ಕರುಗಾಲಲ್ಲಿ ಕೂತಿದ್ದರು. ನಿಂಬೆಹಣ್ಣನ್ನು ಹಲ್ಲಿನಿಂದ ಕಚ್ಚಿ ತಟ್ಟೆಗೆ ಹಿಂಡುತ್ತಿದ್ದರು.

"ನೋಡಮ್ಮ, ತಟಸ್ಥೀಕರಣ" ಅಂದರು.

ಅತ್ತೆ ಚೊಂಬು ಹಿಡಿದು ನಿಂತಲ್ಲೇ ನಿಂತರು. ತಟ್ಟೆಯ ನೀರು ಹಳದಿಯಾಗಿತ್ತು.

"ಅಯ್ಯೋ ದೇವುಡಾ. ತೆಗೆದ ದೃಷ್ಟೀನ ವಾಪಸ್ ಬಿಟ್ಯೇನೋ, ಹುಚ್ಚುಮುಂಡೇದೆ."

"ಅರಿಸಿನ ಸುಣ್ಣ ಕಣಮ್ಮ ಅದು. ಕಣ್ಣೂ ಇಲ್ಲ ಮಣ್ಣೂ ಇಲ್ಲ. ಪರೀಕ್ಷೇಲಿ ಬರ್ತದೆ."

"ಯಾರು ಹೇಳಿದ್ದು?"

ಅವರು ನನ್ನ ಕಡೆ ನೋಡಿದರು. ತುಂಬ ಹೆಮ್ಮೆಯಿಂದಲೇ ನೋಡಿದರು. ಅತ್ತೆಯೂ ನೋಡಿದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ. ಬೈಯಲಿಲ್ಲ. ಒಳಗೆ ಹೋಗಿ ಹೊಸ ತಟ್ಟೆ ತಂದರು, ಅರಿಸಿನ ತಂದರು, ಸುಣ್ಣದ ಡಬ್ಬಿ ತಂದರು. ಮೂರನ್ನೂ ನನ್ನ ಮುಂದಿಟ್ಟರು.

"ಈ ಸಲ ನೀನು ಕಲಸು. ನೀನೇ ತೆಗಿ."

"ನಾನಾ ಅತ್ತೆ? ದೊಡ್ಡೋರು ತೆಗೀಬೇಕು ಅಲ್ವ."

"ಎಲ್ರ ಕಣ್ಣೂ ನಾನು ತೆಗೆದೆ. ಇನ್ನೊಂದು ಉಳೀತು." ಅವರ ದನಿಯಲ್ಲಿ ಕೋಪವಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಮಾತಾಡುವಂತೆ ಮಾತಾಡಿದರು. "ಹೆಂಡ್ತಿ ಕಣ್ಣೂ ಕಣ್ಣೇ ಕಣಮ್ಮ. ಬಾದಾಮಿ ಹಾಲು ಕೊಡೋವಾಗ ನಿನ್ನ ಮುಖ ನೋಡಿಲ್ವ ನಾನು."

ನಾನು ಅಲ್ಲಿಯವರೆಗೆ ಒಂದು ಮಾತು ಆಡಿರಲಿಲ್ಲ, ಒಂದು ಪಾತ್ರೆ ಕುಕ್ಕಿರಲಿಲ್ಲ. ಅಕ್ಷರ ಬಾರದ ಅವರು ನನ್ನ ಮುಖವನ್ನು ಓದಿಕೊಂಡು, ಇಷ್ಟು ದಿನ ಸುಮ್ಮನಿದ್ದರು. ಅರಿಸಿನ ಕಲಸಿದೆ. ಸುಣ್ಣ ಜಾಸ್ತಿ ಬಿತ್ತು; ನೀರು ಕಪ್ಪಿಗೆ ತಿರುಗುವಷ್ಟು ಕೆಂಪಾಯಿತು. ಗಂಡನ ಮುಖದ ಸುತ್ತ ನಿವಾಳಿಸಿದೆ. ಊರ ಕಣ್ಣು ಎಂದು ಹೇಳಲು ಬಾಯಿ ಬರಲಿಲ್ಲ. ಸುಮ್ಮನೆ ನಿವಾಳಿಸಿ ಆ ನೀರನ್ನು ಅವರ ಹಣೆಗಿಟ್ಟೆ. ಅವರು ನನ್ನ ಕಿವಿಯ ಹತ್ತಿರ, "ಇದು ಪ್ರತ್ಯಾಮ್ಲ" ಅಂದರು.

ಅವರು ಹಿಂತಿರುಗಿದ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಹುಳು ಹಣ್ಣಾಗಿದ್ದವು. ಮೈ ಹೊಳೆಯುವ ಹುಳುವನ್ನು ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹೊತ್ತು ಮೀರಿದರೆ ತಟ್ಟೆಯಲ್ಲೇ ಎಳೆ ಬಿಟ್ಟು ಹಾಳಾಗುತ್ತವೆ. ಅವರು ಬಸ್ಸಿಳಿದು ಬಂದು ಕೈಕಾಲು ತೊಳೆದು ನನ್ನ ಎದುರಿಗೆ ಕೂತು ಆರಿಸತೊಡಗಿದರು. ಇಬ್ಬರ ಕೈಯೂ ಒಂದೇ ತಟ್ಟೆಯಲ್ಲಿ.

"ಹೆಂಗಿತ್ತು?" ಅಂದೆ.

"ಆಮ್ಲ ಪ್ರತ್ಯಾಮ್ಲ ಬಂತು ಕಣೇ. ಲಿಟ್ಮಸ್ಸೂ ಬರೆದೆ, ಅರಿಸಿನಾನೂ ಬರೆದೆ. ಎಲೆ ಆಹಾರ ಮಾಡೋದು ಬಂತು. ಅದೂ ಬರೆದೆ."

"ರೇಷ್ಮೆ ಹುಳು?"

"ಅದೇ ದೊಡ್ಡ ಪ್ರಶ್ನೆ. ಚಿತ್ರದ ಸಮೇತ."

ನನ್ನ ಕೈ ನಿಂತಿತು. "ಏನು ಬರೆದ್ರಿ?"

"ಮೊಟ್ಟೆ ಬರೆದೆ. ಹುಳು ಬರೆದೆ, ಪೊರೆ ಬಿಡ್ತದೆ ಅಂತಾನೇ ಬರೆದೆ, ಜ್ವರ ಅನ್ಲಿಲ್ಲ. ಗೂಡು ಬರೆದೆ. ಎಲ್ಲಾದ್ಕೂ ಚಿತ್ರ. ಗೂಡಿಂದ ಮೊಟ್ಟೆಗೆ ಬಾಣ ಹಾಕಿ ಸುತ್ತು ಮುಗಿಸ್ದೆ."

"ಗೂಡಿಂದ ಮೊಟ್ಟೆ ಹೆಂಗೆ ಬರ್ತದೆ?"

ಅವರು ಹುಳುವೊಂದನ್ನು ಬೆಳಕಿಗೆ ಹಿಡಿದು ಹಣ್ಣಾಗಿದೆಯೇ ಎಂದು ನೋಡಿದರು. "ಮೊಟ್ಟೆಯನ್ನು ಚಿಂತಾಮಣಿಯ ಸರ್ಕಾರಿ ಬಿತ್ತನೆ ಕೋಠಿಯಿಂದ ತರಲಾಗುತ್ತದೆ. ಹಂಗೇ ಬರೆದೆ, ಗ್ರಂಥಸ್ಥ ಭಾಷೇಲಿ."

ಪಕ್ಕದ ತಟ್ಟೆಯಲ್ಲಿದ್ದ ಅತ್ತೆ, "ಇನ್ನೆಲ್ಲಿಂದ ಬರ್ತದೆ? ಸರಿಯಾಗೇ ಬರೆದವ್ನೆ" ಅಂದರು.

ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ದೊಡ್ಡ ಪ್ರಶ್ನೆ ಹೋಯಿತು, ಅವರ ಪಾಸು ಹೋಯಿತು, ಅದರ ಹಿಂದೆ ನನ್ನದೂ ಹೋಯಿತು ಎಂದುಕೊಂಡೆ. ಅದಕ್ಕಿಂತ ಮೊದಲು ನನ್ನೊಳಗೆ ಎದ್ದದ್ದು ಇನ್ನೊಂದು. ಆ ಪ್ರಶ್ನೆ ನನ್ನ ಕೈಗೆ ಸಿಗಬೇಕಾಗಿತ್ತು ಎನ್ನುವುದು. ಚಿತ್ರ ಎಲ್ಲಿಂದ ಶುರು ಮಾಡುತ್ತಿದ್ದೆ, ಚಿಟ್ಟೆಯ ರೆಕ್ಕೆಗೆ ಎಷ್ಟು ಗೆರೆ ಎಳೆಯುತ್ತಿದ್ದೆ ಎಂಬುದೆಲ್ಲ ಕಣ್ಣ ಮುಂದೆ ಬಂತು. ಅವರು ಕೂತ ಬೆಂಚು ಬಂತು. ಬಿಳಿ ಹಾಳೆ ಬಂತು. ನನ್ನ ಬೆರಳಿನ ನಡುವೆ ಹುಳುವೊಂದು ಎಳೆ ಬಿಡತೊಡಗಿತ್ತು. ಬೇಗ ಚಂದ್ರಿಕೆಗೆ ಬಿಟ್ಟೆ.

ಅವರು ಪಾಸಾದರು. ಗಡಿ ದಾಟುವಷ್ಟು ಮಾತ್ರ, ಆದರೂ ಪಾಸು. ಶಿಡ್ಲಘಟ್ಟದಿಂದ ಬಂದ ಪತ್ರಿಕೆಯಲ್ಲಿ ನಂಬರು ಇದೆಯೆಂದು ನಾನು ಓದಿ ಹೇಳಿದ ಮೇಲೆ ಅತ್ತೆ ಊರಿಗೆಲ್ಲ ಸಕ್ಕರೆ ಹಂಚಿದರು. ಮಳೆಗಾಲದ ಆರಂಭದಲ್ಲಿ ಕೆಲಸದ ಆರ್ಡರು ಬಂತು. ಬೇರೆಲ್ಲೂ ಅಲ್ಲ, ಚಿಂತಾಮಣಿಯ ಬಿತ್ತನೆ ಕೋಠಿಯಲ್ಲೇ. ಇರುವುದೆಲ್ಲಿ ಎಂಬ ಪ್ರಶ್ನೆಯೇ ಬರಲಿಲ್ಲ. ನಮ್ಮ ಅಪ್ಪನ ಮನೆ ಇತ್ತಲ್ಲ. ನಾನು ಓದುತ್ತಿದ್ದ ಕಿಟಕಿಯ ಪಕ್ಕದ ಕೋಣೆಯನ್ನು ಅಳಿಯನಿಗೆ ಕೊಟ್ಟರು. ನಾನು? ಆ ಬೆಳೆಯ ಹುಳು ಎರಡನೇ ಜ್ವರದಲ್ಲಿದ್ದವು. ಅತ್ತೆಯೊಬ್ಬರ ಕೈ ಸಾಲದು. ಹುಳು ಇಳಿದ ಮೇಲೆ ಹೋಗುವೆಯಂತೆ ಅಂದರು. ಒಂದು ಬೆಳೆ ಇಳಿಯುವುದರೊಳಗೆ ಇನ್ನೊಂದು ಮೊಟ್ಟೆಯ ಹಾಳೆ ಬರುತ್ತಿತ್ತು.

ಅವರು ನನ್ನ ಊರಿನಲ್ಲಿ, ನನ್ನ ಕೋಣೆಯಲ್ಲಿ, ನನ್ನ ಅಮ್ಮನ ಕೈಯ ಸಾರು ಉಣ್ಣುತ್ತಾ ಇದ್ದರು. ದಿನಾ ಬೆಳಿಗ್ಗೆ ನನ್ನ ಶಾಲೆಯ ಮುಂದೆ ಹಾದು ಕೆಲಸಕ್ಕೆ ಹೋಗುತ್ತಿದ್ದರು. ನಾನು ಅವರ ಮನೆಯಲ್ಲಿ ಅವರ ಹುಳುವಿಗೆ ಸೊಪ್ಪು ಹಾಕುತ್ತಿದ್ದೆ. ತಿಂಗಳಿಗೊಮ್ಮೆ ಬಂದಾಗ ಉತ್ಸಾಹದಿಂದ ಹೇಳುತ್ತಿದ್ದರು: ಕೋಠಿಯಲ್ಲಿ ಗೂಡಿನಿಂದ ಚಿಟ್ಟೆ ಹೆಂಗೆ ಬರುತ್ತದೆ, ಗಂಡು ಹೆಣ್ಣನ್ನು ಹೆಂಗೆ ಜೋಡಿ ಬಿಡುತ್ತಾರೆ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಗಂಟುರೋಗ ಇದೆಯೇ ಎಂದು ಹೆಂಗೆ ನೋಡುತ್ತಾರೆ. ರೋಗ ತಾಯಿಯಿಂದ ಮೊಟ್ಟೆಗೆ ಬರುತ್ತದಂತೆ. ತಾಯಿಯಲ್ಲಿ ಕಂಡರೆ ಆ ಮೊಟ್ಟೆಗಳನ್ನು ಸುಡುತ್ತಾರಂತೆ.

"ಯಾವುದರಲ್ಲಿ ನೋಡ್ತಾರೆ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಸೂಕ್ಷ್ಮದರ್ಶಕದಲ್ಲಿ. ನನ್ನನ್ನ ಅದಕ್ಕೇ ಹಾಕವ್ರೆ. ದಿನಾ ಬೆಳಿಗ್ಗೆಯಿಂದ ಅದೇ ಕೆಲ್ಸ. ಕಣ್ಣು ನೋಯ್ತದೆ ಕಣೇ, ಬೇಜಾರು."

ನಾನು ಎದ್ದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಸುಮ್ಮನೆ ಒಲೆಯ ಮುಂದೆ ಕೂತಿದ್ದೆ.

ಅವರು ಕೊಟ್ಟ ಮಾತನ್ನು ಮರೆತಿರಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ದಸರೆಯ ಹೊತ್ತಿಗೆ ನನ್ನ ಹಳೆಯ ಶಾಲೆಗೆ ಹೋಗಿ ವಿಚಾರಿಸಿಕೊಂಡು ಬಂದರು. ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಅವರ ನಡಿಗೆ ನೋಡಿಯೇ ತಿಳಿಯಿತು.

"ಖಾಸಗಿಯಾಗಿ ಕಟ್ಬೋದಂತೆ. ವಿಜ್ಞಾನ ಮಾತ್ರ ಕಟ್ಟಂಗಿಲ್ಲವಂತೆ. ಲ್ಯಾಬಿಗೆ ಬಂದಿರ್ಬೇಕಂತೆ, ಶಾಲೇಲಿ ಈ ವರ್ಷದ ಹಾಜರಿ ಇರ್ಬೇಕಂತೆ, ಹಳೇದು ನಡೆಯಲ್ವಂತೆ."

"ನಿಮಗೆ ಕೊಟ್ರಲ್ಲ."

"ನಾನು ಫೇಲಾದೋನು. ಫೇಲಾದೋರಿಗೆ ಕೊಡ್ತಾರೆ." ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಚರಿತ್ರೆ, ಭೂಗೋಳ ಇಟ್ಕೊಂಡ್ ಬರಿ. ನೀನು ಏನಿಟ್ರೂ ಪಾಸಾಗ್ತೀಯ."

ನಾನು ಬೇಡ ಅಂದೆ. ಅವರು ಇನ್ನೊಂದು ಸಲ ಹೇಳಿದರು. ಬೇಡ ಅಂದೆ. ಅತ್ತೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಹೊರಗೆ ಬಂದು ಮಗನಿಗೆ, "ಭಾನುವಾರ ಅವ್ಳನ್ನ ಕರ್ಕೊಂಡ್ ಹೋಗೋ ಚಿಂತಾಮಣಿಗೆ. ಹುಳು ನಾನು ನೋಡ್ಕೊಳ್ತೀನಿ" ಅಂದರು.

ಚಿಟ್ಟೆಗಳಿಗೆ ಭಾನುವಾರವಿಲ್ಲ, ಕೋಠಿ ತೆರೆದಿತ್ತು. ಒಳಗೆ ಕಾಲಿಟ್ಟಾಗ ಮಳೆ ಸುರಿಯುವಂಥ ಸದ್ದು. ತಟ್ಟೆ ತಟ್ಟೆಗಳಲ್ಲಿ ಬಿಳಿಯ ಚಿಟ್ಟೆಗಳು ಹಾರಲಾರದೆ ರೆಕ್ಕೆ ಬಡಿಯುತ್ತಿದ್ದವು. ಗಾಳಿಯಲ್ಲಿ ಬಿಳಿ ಪುಡಿ. ಪುಸ್ತಕದಲ್ಲಿ ಚಿತ್ರ ಮಸಿ ಹಿಡಿದು ಕಪ್ಪಾಗಿತ್ತು. ಇವು ಹಾಲಿನ ಕೆನೆಯ ಬಣ್ಣ, ಮೈತುಂಬ ಮೃದುವಾದ ತುಪ್ಪಳ. ನಾನು ತುಂಬ ಹೊತ್ತು ನಿಂತೆ. ಅವರು ಕಿಟಕಿಯ ಹತ್ತಿರದ ಮೇಜಿಗೆ ಕರೆದರು. ಸಣ್ಣ ಕಲ್ಲಿನಲ್ಲಿ ತಾಯಿಚಿಟ್ಟೆಯನ್ನು ಅರೆದು, ಗಾಜಿನ ಮೇಲೆ ಒಂದು ಹನಿ ಇಟ್ಟು, ಕೊಳವೆಯ ಕೆಳಗೆ ಸರಿಸಿದರು. ಕೈ ಪಳಗಿತ್ತು.

ನಾನು ಬಗ್ಗಿದೆ. ನನ್ನ ರೆಪ್ಪೆಯ ಕೂದಲು ಕಂಡಿತು, ಇನ್ನೇನಿಲ್ಲ.

"ಒಂದು ಕಣ್ಣು ಮುಚ್ಚಬೇಡ ಕಣೇ. ಎರಡೂ ತೆರೆದಿರ್ಲಿ. ಉಸಿರು ಬಿಗಿ ಹಿಡೀಬೇಡ. ತಿರುಪು ಮೆಲ್ಲಗೆ ತಿರುಗ್ಸು, ಮೆಲ್ಲಗೆ." ನಾನು ಸೊಪ್ಪಿನ ಕೋಣೆಯಲ್ಲಿ ಅವರಿಗೆ ಹೇಳಿಕೊಡುತ್ತಿದ್ದ ದನಿಯಲ್ಲೇ ಹೇಳಿಕೊಟ್ಟರು. ಅಷ್ಟೇ ತಾಳ್ಮೆಯಿಂದ. ಆ ತಾಳ್ಮೆಯನ್ನು ನಾನು ಸಹಿಸಬೇಕಾಯಿತು.

ಮಬ್ಬು ಸರಿಯಿತು. ದುಂಡನೆಯ ಬೆಳಕು ನಿಂತಿತು. ಅದರೊಳಗೆ ಏನೇನೋ ತೇಲುತ್ತಿದ್ದವು, ಚೂರುಗಳು, ಹನಿಗಳು, ರೆಕ್ಕೆಯ ಪುಡಿಯ ಒಂದು ಹಲ್ಲುಹಲ್ಲಾದ ಚಿಪ್ಪು.

"ಹೊಳೆಯೋ ಸಣ್ಣ ಅಕ್ಕಿಕಾಳಂಥದು ಕಾಣ್ತದಾ?"

"ಇಲ್ಲ."

"ಸರಿಯಾಗಿ ನೋಡು."

"ಇಲ್ಲ. ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ಒಳ್ಳೇದು. ತಾಯಿ ಚೆನ್ನಾಗವ್ಳೆ. ಮೊಟ್ಟೆ ಇಟ್ಕೋಬೋದು."

"ಅಷ್ಟೇನಾ?" ಅಂದೆ.

ಅವರು ಗಟ್ಟಿಯಾಗಿ ನಕ್ಕರು. ತಮ್ಮ ಮಾತನ್ನೇ ನಾನು ತಿರುಗಿಸಿ ಕೊಟ್ಟೆನೆಂದು ಮೆಚ್ಚಿದರು. ಪಕ್ಕದ ಮೇಜಿನವರಿಗೂ ಹೇಳಿದರು, ನಮ್ಮ ಯಜಮಾನ್ತಿ, ನನಗೆ ವಿಜ್ಞಾನ ಹೇಳ್ಕೊಟ್ಟೋಳು ಎಂದು. ನಾನು ನಗಲಿಲ್ಲ. ಕಣ್ಣನ್ನು ಕೊಳವೆಯಿಂದ ತೆಗೆಯಲೂ ಇಲ್ಲ. ಬೆನ್ನು ನೋಯುತ್ತಿತ್ತು, ಹಿಂದೆ ಯಾರೋ ದಾರಿಗೆ ಕಾಯುತ್ತಿದ್ದರು, ನನ್ನ ಸೆರಗು ಜಾರಿ ಮೇಜಿನ ಮೇಲೆ ಬಿದ್ದಿತ್ತು.

"ಸಾಕು ಬಾರೇ, ನಿಮ್ಮಮ್ಮ ಊಟಕ್ಕೆ ಕಾಯ್ತಿರ್ತಾರೆ" ಅಂದರು ಅವರು.

"ಇನ್ನೊಂದು ಇಡಿ" ಅಂದೆ.